ಮೊಸಳೆಯ ಪಕ್ಕದ ಹಾವುರಾಣಿ

ಹೋದ ತಿಂಗಳು ನಮ್ಮ ಮನೆಗೆ ಹೊಸ ಕಪಾಟು ಬಂತು, ಪ್ಲೈವುಡ್ಡಿನದು. ನನಗೆ ಬೇಡವಾಗಿತ್ತು, ಹೆಂಡತಿಗೆ ಬೇಕಾಗಿತ್ತು, ಹಾಗಾಗಿ ಬಂತು. ಬಾಗಿಲು ತೆಗೆದ ಕೂಡಲೇ ಒಂದು ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. "ಅಂಟಿನ ವಾಸನೆ ಸಾರ್, ನಾಲ್ಕು ದಿನ ತೆಗೆದಿಡಿ, ಹೋಗುತ್ತೆ" ಅಂದ ಬಡಗಿ. "ಬರೀ ಅಂಟಲ್ಲ ಮಾರಾಯ, ಅದರೊಳಗೆ ಫಾರ್ಮಲಿನ್ ಇರ್ತದೆ" ಅಂದೆ. "ಆಯ್ತು, ಈಗ ಅವನಿಗೂ ಪಾಠ ಶುರು ಮಾಡಿ" ಅಂತ ಹೆಂಡತಿ ಒಳಗಿನಿಂದಲೇ ಚುಚ್ಚಿದಳು. ಪಾಠ ಅಲ್ಲಿಗೇ ನಿಲ್ಲಿಸಿದೆ. ಆದರೆ ಆ ಘಾಟು ನನ್ನನ್ನು ಬಿಡಲಿಲ್ಲ. ನಮ್ಮ ಮದುವೆಗೂ ಹಿಂದಿನ ಒಂದು ಮಳೆಗಾಲವನ್ನು ಎಳೆದು ತಂದು ಎದುರಿಗೆ ನಿಲ್ಲಿಸಿತು. ಇಷ್ಟು ವರ್ಷ ಸಂಸಾರ ಮಾಡಿದರೂ ಇವಳಿಗೆ ಆ ಸಂಗತಿ ಪೂರ್ತಿ ಹೇಳಿಲ್ಲ. ಹೇಳಿಕೊಂಡು ಮೆರೆಯುವಂಥದ್ದಲ್ಲ ಅದು.

ಶರಾವತಿಗೆ ಕಟ್ಟಿದ ಅಣೆಕಟ್ಟಿನ ನೀರು ಏರತೊಡಗಿದ ಕಾಲ, ಅಂದರೆ ಅರವತ್ತರ ದಶಕದ ನಡುಭಾಗ. ನಾನು ಕೋಣಂದೂರಿನವನು. ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿ, ಶಿವಮೊಗ್ಗದಲ್ಲಿ ಫಿಸಿಕ್ಸು, ಮ್ಯಾಥಮ್ಯಾಟಿಕ್ಸು ಓದಿ ಬಿ.ಎಸ್ಸಿ. ಮಾಡಿಕೊಂಡಿದ್ದೆ. ಇಪ್ಪತ್ಮೂರನೇ ವಯಸ್ಸಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಒಂದು ಊರಿನ ಹೈಸ್ಕೂಲು. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಊರು ಏನು ಮಾಡಿತ್ತು ಪಾಪ. ಕೆಲಸ ಸಿಕ್ಕಿದ್ದು ಪ್ರೊಬೇಷನ್ ಮೇಲೆ. ಆ ವರ್ಷದ ಕೊನೆಗೆ ಮೇಲಿನವರು ಒಪ್ಪಿದರೆ ಖಾಯಂ, ಇಲ್ಲವಾದರೆ ಇಲ್ಲ.

ನಮ್ಮ ಶಾಲೆಯ ಹೆಮ್ಮೆ ಅಂದರೆ ಒಂದು ಗಾಜಿನ ಬೀರು. ಸೈನ್ಸ್ ರೂಮಿನ ಗೋಡೆಗೆ ನಿಂತಿತ್ತು. ಅದರೊಳಗೆ ಗಾಜಿನ ಭರಣಿಗಳು, ಭರಣಿಗಳೊಳಗೆ ಸತ್ತ ಪ್ರಾಣಿ ಕೊಳೆಯದಂತೆ ಕಾಯುವ ಫಾರ್ಮಲಿನ್, ಫಾರ್ಮಲಿನ್ನಿನೊಳಗೆ ಹಾವು, ಹಲ್ಲಿ, ಓತಿಕ್ಯಾತ, ಉಡದ ಮರಿ, ಹಾವುರಾಣಿ, ಆಮೆ, ಮೊಸಳೆ ಮರಿ. ಜೀವಶಾಸ್ತ್ರದ ಮೇಷ್ಟ್ರೊಬ್ಬರು ಶುರು ಮಾಡಿದ್ದರಂತೆ. ನಾನು ಹೋಗುವ ಹೊತ್ತಿಗೆ ಅವರಿಗೆ ಬಯಲುಸೀಮೆಗೆ ವರ್ಗವಾಗಿ, ಅವರ ಜಾಗ ಖಾಲಿ ಬಿದ್ದಿತ್ತು. ಬೀರು ಮಾತ್ರ ತುಂಬುತ್ತಲೇ ಇತ್ತು. ಅದನ್ನು ತುಂಬುತ್ತಿದ್ದವರು ಲ್ಯಾಬ್ ಅಟೆಂಡರ್ ಹೂವಪ್ಪ.

ಹೂವಪ್ಪ ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವರು ನನ್ನನ್ನು ಸಾರ್ ಅನ್ನುತ್ತಿದ್ದರು. ಆಗ ಎಲ್ಲ ಕಡೆ ಹಾಗೇ ನಡೆಯುತ್ತಿತ್ತು. ಕನ್ನಡ ಕೂಡಿಸಿಕೊಂಡು ಓದುವಷ್ಟು ಅಕ್ಷರ ಅವರಿಗೆ ಬರುತ್ತಿತ್ತು, ಇಂಗ್ಲಿಷ್ ಇಲ್ಲ. ಒಣಗಿದ ಮೈ, ಮೊಳಕಾಲ ಮೇಲಿನ ಚಡ್ಡಿ, ತಲೆಗೊಂದು ಟವೆಲು. ಶಾಲೆಯ ಕೆಲಸದ ಜೊತೆಗೆ ಒಂದಿಷ್ಟು ಗದ್ದೆ ಮಾಡಿಕೊಂಡಿದ್ದರು. ಆ ವರ್ಷ ಗದ್ದೆ, ಮನೆ ಎರಡೂ ಮುಳುಗಡೆಗೆ ಹೋದವು. ಬೇರೆ ಕಡೆ ಜಾಗ ಕೊಡುತ್ತೇವೆ ಅಂದಿದ್ದು ಇನ್ನೂ ಕೈಗೆ ಬಂದಿರಲಿಲ್ಲ. ಹೆಂಡತಿಯನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ಬಂದು ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿದ್ದರು. ಶೆಡ್ಡು ಕೊಟ್ಟದ್ದು ಹೆಡ್‌ಮಾಸ್ಟರು, ಅದೂ ಅಟೆಂಡರ್ ಅನ್ನುವ ಕಾರಣಕ್ಕೆ.

ಆದರೆ ಅಟೆಂಡರ್ ಕೆಲಸವೇ ಗಟ್ಟಿ ಇರಲಿಲ್ಲ. ಹೂವಪ್ಪ ಹಂಗಾಮಿ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಕೆಲಸ ಹೋಗುತ್ತಿತ್ತು, ಶಾಲೆ ಶುರುವಾದಾಗ ಮತ್ತೆ ಬರುತ್ತಿತ್ತು. ಆ ವರ್ಷ ಮಾತ್ರ ಹುದ್ದೆಯನ್ನು ಖಾಯಂ ಮಾಡುತ್ತೇವೆ ಅಂತ ಇಲಾಖೆಯಿಂದ ಕಾಗದ ಬಂದಿತ್ತು. ಒಂದೇ ಷರತ್ತು. ಸೈನ್ಸ್ ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ, ಈ ಮನುಷ್ಯನಿಗೆ ಕೆಲಸ ಗೊತ್ತಿದೆ ಅಂತ ಬರೆದುಕೊಡಬೇಕು. ಬರೆಯದಿದ್ದರೆ ಆ ಜಾಗಕ್ಕೆ ಮೆಟ್ರಿಕ್ ಪಾಸಾದ ಯಾರನ್ನಾದರೂ ಹಾಕುತ್ತಾರೆ. ಹೂವಪ್ಪ ಶೆಡ್ಡು ಬಿಟ್ಟು ನಡೆಯಬೇಕು. ಎಲ್ಲಿಗೆ ಅಂತ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ, ಯಾಕೆಂದರೆ ವಾಪಸು ಹೋಗಲು ಊರೇ ಉಳಿದಿರಲಿಲ್ಲ.

ನೀರು ಏರಿದ ಹಾಗೆ ತಗ್ಗಿನ ಬಿಲ, ಪೊಟರೆ, ಹುತ್ತಗಳಲ್ಲಿದ್ದದ್ದೆಲ್ಲ ಗುಡ್ಡ ಹತ್ತಿ ಬಂತು. ಆ ಮಳೆಗಾಲದಲ್ಲಿ ಆ ಊರ ದಾರಿಯಲ್ಲಿ ಕಂಡಷ್ಟು ಹಾವನ್ನು ಮತ್ತೆ ಎಲ್ಲೂ ಕಂಡಿಲ್ಲ. ಉಡಗಳು ಹಗಲು ಹೊತ್ತಿನಲ್ಲೇ ಶಾಲೆಯ ಅಂಗಳ ದಾಟುತ್ತಿದ್ದವು. ಜನ ಹೆದರಿ ಕಂಡಲ್ಲಿ ಹೊಡೆದರು. ಹೊಡೆದದ್ದರಲ್ಲಿ ತಲೆ ಜಜ್ಜದೆ ಉಳಿದದ್ದನ್ನು ಹೂವಪ್ಪ ಬಾಳೆಲೆಯಲ್ಲಿ ಸುತ್ತಿಕೊಂಡು ತರುತ್ತಿದ್ದರು. ಹಾಗೇ ಭರಣಿಗೆ ಹಾಕಿದರೆ ಹೊರಗೆ ಚಂದ ಕಂಡರೂ ಒಳಗೆ ಕೊಳೆಯುತ್ತದೆ. ಮೊದಲು ಹೊಟ್ಟೆಗೆ ಸಿರಿಂಜಿನಲ್ಲಿ ಫಾರ್ಮಲಿನ್ ಹೊಡೆಯಬೇಕು. ಹೂವಪ್ಪ ಒಂದೊಂದನ್ನೂ ಮಗುಚಿ ಅಂಗಾತ ಮಲಗಿಸಿ, ಬಾಲದ ಬುಡದ ಹತ್ತಿರ ಬೆರಳಾಡಿಸಿ ನೋಡಿ, ಸೂಜಿ ಇಳಿಸುತ್ತಿದ್ದರು. ಆ ಘಾಟಿಗೆ ಕಣ್ಣೀರು ಸುರಿದರೂ ಕೈ ನಡುಗುತ್ತಿರಲಿಲ್ಲ. ನಾನು ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುವ ಗಿರಾಕಿ.

ಆರಿದ್ರೆಯಲ್ಲಿ ಹಿಡಿದ ಮಳೆ ಪುಷ್ಯ ಬಂದರೂ ಬಿಡಲೇ ಇಲ್ಲ. ಶಾಲೆಯ ಹಾಜರಿ ಪುಸ್ತಕಕ್ಕೇ ಬೂಸಲು ಬಂದಿತ್ತು. ಭರಣಿಗಳ ಮೇಲೆ ಮೈದಾ ಅಂಟಿನಲ್ಲಿ ಅಂಟಿಸಿದ್ದ ಹೆಸರಿನ ಚೀಟಿಗಳೆಲ್ಲ ನೆನೆದು ಕಳಚಿ ಬಿದ್ದವು. ಅಷ್ಟರಲ್ಲಿ, ಇನ್ನು ಎಂಟು ದಿನಕ್ಕೆ ಇನ್ಸ್‌ಪೆಕ್ಟರು ಬರುತ್ತಾರೆ ಅಂತ ಸುದ್ದಿ ಬಂತು. ಹೆಡ್‌ಮಾಸ್ಟರು ನನ್ನನ್ನು ಕರೆದರು.

"ಬೀರುವಿನ ಚೀಟಿ ಎಲ್ಲ ಹೊಸದಾಗಿ ಬರೀರಿ. ಹಂಗೇ ಸ್ವಲ್ಪ ಒಪ್ಪವಾಗಿ ಜೋಡಿಸಿ" ಅಂದರು.

"ಸಾರ್, ನಾನು ಫಿಸಿಕ್ಸಿನವನು."

"ನಿಮ್ಮ ಅಕ್ಷರ ಚೆನ್ನಾಗಿದೆ ಅಲ್ವನ್ರೀ? ಅಷ್ಟು ಸಾಕು."

ಅಕ್ಷರ ಚೆನ್ನಾಗಿತ್ತು, ನಿಜ. ಅಹಂಕಾರವೂ ಚೆನ್ನಾಗೇ ಇತ್ತು. ಆ ವಯಸ್ಸಿನಲ್ಲಿ ನಾನು ಮೂಢನಂಬಿಕೆಗಳ ಮೇಲೆ ಸಮರ ಸಾರಿದ್ದೆ. ಗ್ರಹಣದ ಹೊತ್ತಿನಲ್ಲಿ ಬೇಕಂತಲೇ ಬೀದಿಯಲ್ಲಿ ನಿಂತು ಚಹಾ ಕುಡಿದು, ಊರಿನ ಹಿರಿಯರ ಬಾಯಿಗೆ ಸಿಕ್ಕಿದ್ದೆ. ಹಾವುರಾಣಿಯ ವಿಷಯದಲ್ಲಂತೂ ನನಗೆ ಮೈ ಉರಿಯುತ್ತಿತ್ತು. ಹೊಳೆಯುವ ಮೈ, ಕಿರುಬೆರಳ ತುದಿಯಷ್ಟು ಕಾಲು, ಮುಟ್ಟಿದರೆ ಓಡಿಹೋಗುವ ಸಾಧು ಪ್ರಾಣಿ. ಊರಿನವರ ಬಾಯಲ್ಲಿ ಅದು ಹಾವುಗಳಿಗೆಲ್ಲ ರಾಣಿ. ಅದು ಕಚ್ಚಿದರೆ, ಅದು ಹೋಗಿ ನೀರು ಕುಡಿಯುವುದರೊಳಗೆ ನಾವು ಓಡಿಹೋಗಿ ನೀರು ಕುಡಿಯಬೇಕು, ಇಲ್ಲವಾದರೆ ಸತ್ತಂತೆ. ತರಗತಿಯಲ್ಲಿ ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೆ, ಹಾವುರಾಣಿಗೆ ವಿಷವಿಲ್ಲ, ಅದಕ್ಕೂ ಹಾವಿಗೂ ಏನೂ ಸಂಬಂಧ ಇಲ್ಲ ಅಂತ. ಮೊದಲ ಅರ್ಧ ಸರಿ.

ಬೀರು ತೆಗೆದು ನೋಡುತ್ತೇನೆ, ಹಾವುರಾಣಿಯ ಭರಣಿ ಕೂತಿರುವುದು ಕೇರೆ ಹಾವಿನ ಪಕ್ಕದಲ್ಲಿ! ಅದರಾಚೆ ನೀರೊಳ್ಳೆ, ಹಸಿರು ಹಾವು. ಈಚೆ ಹಲ್ಲಿ, ಓತಿಕ್ಯಾತ, ಉಡದ ಮರಿ. ಇಷ್ಟೂ ಒಂದೇ ಸಾಲು. ಮೊಸಳೆ ಮರಿ ಕೆಳಗಿನ ಸಾಲಿನಲ್ಲಿ ಒಂಟಿ. ಆಮೆಗಳು ಇನ್ನೊಂದು ಮೂಲೆಯಲ್ಲಿ.

"ಹೂವಪ್ಪ, ಹಾವುರಾಣೀನ ಹಾವಿನ ಜೊತೆ ಎಂತಕ್ಕೆ ಇಟ್ಟಿದೀಯ?"

"ಅದ್ರ ಜಾಗ ಅದೇ ಸಾರ್."

"ಹಾವಿಗೆ ರಾಣಿ ಅಂತನಾ?"

ಹೂವಪ್ಪ ನಕ್ಕರು. "ರಾಣಿ ಇಲ್ಲ, ಗೀಣಿ ಇಲ್ಲ. ಹಲ್ಲಿ, ಉಡನೂ ಅಲ್ಲೇ ಇಟ್ಟೀನಲ್ಲ. ಅವೆಲ್ಲ ಒಂದೇ ಬಳಗ ಸಾರ್. ಹೊಟ್ಟೆ ಮಗುಚಿ ಕಾಣಿ ಬೇಕಾರೆ."

"ನಂಗೆ ಹೊಟ್ಟೆ ಗಿಟ್ಟೆ ನೋಡಕ್ಕೆ ಪುರುಸೊತ್ತಿಲ್ಲ ಮಾರಾಯ. ಇನ್ಸ್‌ಪೆಕ್ಟರು ಬಂದು ನೋಡಿದ್ರೆ ನಗ್ತಾರೆ. ಇಷ್ಟು ವರ್ಷ ಶಾಲೆಲಿ ಇದ್ದು ಇದೇನಾ ಕಲ್ತಿದ್ದು?"

ಹೂವಪ್ಪ ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಭರಣಿ ಎತ್ತಿಯಾಗಿತ್ತು. ಕಾಲಿದ್ದವೆಲ್ಲ ಒಂದು ಕಡೆ, ಕಾಲಿಲ್ಲದವೆಲ್ಲ ಒಂದು ಕಡೆ. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ಸಲೀಸಾದ ವಿಂಗಡಣೆ ಯಾವುದಿದೆ? ಮೊಸಳೆಗೆ ನಾಲ್ಕು ಕಾಲು, ಉದ್ದ ಬಾಲ, ಒರಟು ಚರ್ಮ. ಉಡಕ್ಕೂ ಅಷ್ಟೇ, ಓತಿಕ್ಯಾತಕ್ಕೂ ಅಷ್ಟೇ. ಉಡ ಸಣ್ಣ ಮೊಸಳೆ, ಓತಿಕ್ಯಾತ ಇನ್ನೂ ಸಣ್ಣದು, ಹಲ್ಲಿ ಎಲ್ಲಕ್ಕಿಂತ ಸಣ್ಣದು. ನಡುವೆ ಮೊಸಳೆಯನ್ನು ಪ್ರತಿಷ್ಠಾಪಿಸಿ, ಬಲಕ್ಕೆ ಉಡ, ಎಡಕ್ಕೆ ಹಾವುರಾಣಿ ಇಟ್ಟೆ. ಹಾವುಗಳನ್ನು ಮೇಲಿನ ಸಾಲಿಗೆ ಅಟ್ಟಿದೆ. ಚೀಟಿಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಈ ಸಲ ಮೇಣ ಸವರಿ ಅಂಟಿಸಿದೆ. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ವಿಜ್ಞಾನಕ್ಕೆ ಜಯವಾಯಿತು ಅಂತ ಸಂತೋಷಪಟ್ಟೆ. ಹೂವಪ್ಪ ಕೆಳಗೆ ಬಿದ್ದಿದ್ದ ಹಳೆ ಚೀಟಿಗಳನ್ನು ಗುಡಿಸಿ ತೆಗೆದುಕೊಂಡು ಹೋದರು.

ಇನ್ಸ್‌ಪೆಕ್ಟರು ಬಂದದ್ದು ಒಂದು ಶುಕ್ರವಾರ. ಆಶ್ಲೇಷ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಐವತ್ತು ದಾಟಿದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಮೆಲ್ಲಗಿನ ಮಾತು. ಹೆಡ್‌ಮಾಸ್ಟರು ಮೊದಲೇ ಹೂವಪ್ಪನ ಕಾಗದವನ್ನು ಅವರ ಎದುರು ಇಟ್ಟಿದ್ದರು. ನನ್ನ ಪಾಠ ನೋಡಿದರು, ಸನ್ನೆಗೋಲಿನ ಪಾಠ, ಚೆನ್ನಾಗೇ ಆಯಿತು. ಆಮೇಲೆ ಸೈನ್ಸ್ ರೂಮಿಗೆ ಬಂದರು. ಬೀರು ನೋಡಿ, "ಅಬ್ಬಾ, ಇಷ್ಟು ಸಣ್ಣ ಊರಲ್ಲಿ ಇಷ್ಟು ಸಂಗ್ರಹ!" ಅಂದರು. ಒಂದು ಭರಣಿ ಎತ್ತಿ ಬೆಳಕಿಗೆ ಹಿಡಿದು, "ಒಂಚೂರೂ ಕೊಳೆತಿಲ್ಲ. ಕೈ ಪಳಗಿದೆ" ಅಂದರು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೂವಪ್ಪನ ಮುಖ ಅರಳಿತು.

ಆಮೇಲೆ ಅವರ ಕಣ್ಣು ಕೆಳಗಿನ ಸಾಲಿಗೆ ಬಿತ್ತು.

"ಇದೇನಿದು? ಹಾವುರಾಣೀನ ಮೊಸಳೆ ಪಕ್ಕ ಇಟ್ಟವರು ಯಾರು?"

ಅವರು ಮೊಸಳೆಯ ಭರಣಿಯನ್ನೂ ಉಡದ ಭರಣಿಯನ್ನೂ ಮೇಜಿನ ಮೇಲಿಟ್ಟು, ನಮ್ಮೆಲ್ಲರಿಗೂ ತಿಳಿಯಲಿ ಅನ್ನುವ ಹಾಗೆ ಹೇಳತೊಡಗಿದರು. ಬೈಗುಳವಿರಲಿಲ್ಲ, ಪಾಠವೇ ಇತ್ತು. ಸರೀಸೃಪಗಳಲ್ಲಿ ಈಗ ಉಳಿದಿರುವುದು ನಾಲ್ಕೇ ಗಣ. ಆಮೆಗಳದ್ದು ಒಂದು. ಮೊಸಳೆಗಳದ್ದು ಒಂದು. ಮೂರನೆಯದು ನ್ಯೂಜಿಲೆಂಡಿನಲ್ಲಿ ಮಾತ್ರ ಉಳಿದಿರುವ ಒಂದು ಪ್ರಾಣಿ, ನೋಡಲು ಥೇಟ್ ಓತಿಕ್ಯಾತ, ಆದರೆ ಓತಿಕ್ಯಾತನ ಬಳಗವೇ ಅಲ್ಲ. ನಾಲ್ಕನೆಯದು ಸ್ಕ್ವಮೇಟ. ಹಲ್ಲಿ, ಓತಿಕ್ಯಾತ, ಹಾವುರಾಣಿ, ಉಡ, ಹಾವು ಎಲ್ಲ ಸೇರುವುದು ಅದಕ್ಕೆ. ಅದರೊಳಗೆ ಹಲ್ಲಿಗಳದ್ದು ಒಂದು ಉಪಗಣ, ಹಾವುಗಳದ್ದು ಇನ್ನೊಂದು. "ಕಾಲು ನೋಡಿ ಮೋಸ ಹೋಗಬಾರದು. ಕಾಲೇ ಇಲ್ಲದ ಹಲ್ಲಿಗಳು ಬೇರೆ ದೇಶಗಳಲ್ಲಿ ಬೇಕಾದಷ್ಟಿವೆ. ನಮ್ಮ ಹೆಬ್ಬಾವಿನ ಬಾಲದ ಬುಡದಲ್ಲಿ ಹಿಂಗಾಲಿನ ಗುರುತಾಗಿ ಈಗಲೂ ಎರಡು ಉಗುರಿವೆ. ಮೊಸಳೆಗೆ ಹೃದಯದಲ್ಲಿ ನಾಲ್ಕು ಕೋಣೆ, ಹಲ್ಲಿಗೂ ಹಾವಿಗೂ ಮೂರೇ. ಅಷ್ಟೆಲ್ಲ ಕೊಯ್ದು ನೋಡೋದೂ ಬೇಡ, ಹೊಟ್ಟೆ ಕಡೆ ತಿರುಗಿಸಿ ನೋಡಿ ಸಾಕು." ಎರಡೂ ಭರಣಿ ತಿರುಗಿಸಿ ತೋರಿಸಿದರು. ಉಡದ ಬಾಲದ ಬುಡದಲ್ಲಿದ್ದ ಮಲದ್ವಾರದ ಸೀಳು ಅಡ್ಡಕ್ಕಿತ್ತು. ಮೊಸಳೆಯದ್ದು ಉದ್ದಕ್ಕಿತ್ತು. ಮೇಲಿನ ಸಾಲಿನಿಂದ ಕೇರೆ ಹಾವು ತೆಗೆದರು, ಅದರದ್ದೂ ಅಡ್ಡ.

ಹೊಟ್ಟೆ ಮಗುಚಿ ಕಾಣಿ ಅಂದಿದ್ದರಲ್ಲ ಹೂವಪ್ಪ!

"ಜೋಡಿಸಿದ್ದು ಯಾರು ಅಂತ ಕೇಳಿದೆ" ಅಂದರು ಇನ್ಸ್‌ಪೆಕ್ಟರು.

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನಾನು ಮಾಡಿದ ಕೆಲಸ ಕೇಳಿ. ನಾನು ಸುಳ್ಳು ಕೂಡ ಸರಿಯಾಗಿ ಹೇಳಲಿಲ್ಲ. "ಬೀರು ಎಲ್ಲ ಅಟೆಂಡರೇ ನೋಡ್ಕೊಳ್ಳೋದು ಸಾರ್" ಅಂದೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಎಂಥ ಭಂಡತನ ಅಂತೀರಿ! ನನ್ನ ಪ್ರೊಬೇಷನ್ ಕಣ್ಣೆದುರು ಕುಣಿಯುತ್ತಿತ್ತು. ಹೂವಪ್ಪನ ಶೆಡ್ಡು, ಮುದಿ ತಾಯಿ ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ ಅಂತ ಹೇಳಿದರೆ ಅದೂ ಸುಳ್ಳು. ಬಂದವು. ಬಂದರೂ ಹಾಗೇ ಹೇಳಿದೆ.

ಇನ್ಸ್‌ಪೆಕ್ಟರು ಬಾಗಿಲ ಕಡೆ ತಿರುಗಿದರು. "ಏನಪ್ಪಾ, ನೀನೇ ಇಟ್ಟಿದ್ದಾ?"

ಹೂವಪ್ಪ ನನ್ನನ್ನು ಒಂದು ಸಲ ನೋಡಿದರು, ಒಂದೇ ಸಲ. "ಬೀರು ನಾನೇ ನೋಡ್ಕಳದು ಸಾರ್" ಅಂದರು. ನನ್ನ ಮಾತನ್ನೇ ಹೇಳಿದರು. ಅವರ ಬಾಯಲ್ಲಿ ಅದು ತಪ್ಪೊಪ್ಪಿಗೆಯಾಯಿತು.

ಇನ್ಸ್‌ಪೆಕ್ಟರು ಕಾಗದದಲ್ಲಿ ಏನೋ ಬರೆದರು. ಕಾಫಿ ಆರಿಹೋಯಿತು, ಯಾರೂ ಕುಡಿಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರು ಸಾಗರಕ್ಕೆ ಹೊರಟರು, ಮರುದಿನ ಅಲ್ಲಿನ ಶಾಲೆಯೊಂದನ್ನು ನೋಡುವುದಿತ್ತು. ಬಸ್ಸು ಹೋದ ಮೇಲೆ ಹೆಡ್‌ಮಾಸ್ಟರನ್ನು ಕೇಳಿದೆ, ಏನು ಬರೆದರು ಅಂತ. "ಸಂಗ್ರಹಿಸುವ ಕೆಲಸ ಗೊತ್ತಿದೆ, ವಿಷಯಜ್ಞಾನ ಸಾಲದು, ಖಾಯಂ ಮಾಡಲು ಶಿಫಾರಸು ಮಾಡಲಾಗುವುದಿಲ್ಲ" ಅಂತ ಓದಿದರು. ನಕಲು ಪ್ರತಿಯನ್ನು ಮಡಚಿಟ್ಟು, "ಜೋಡಿಸಿದ್ದು ನೀವಲ್ವಾ?" ಅಂದರು. ನಾನು ನೆಲ ನೋಡಿದೆ. "ಹೋಗ್ಲಿ ಬಿಡಿ. ನಿಮ್ಮ ಪ್ರೊಬೇಷನ್ ಮುಗೀಲಿ ಮೊದ್ಲು. ಬಾಯಿ ಮುಚ್ಕೊಂಡಿರಿ" ಅಂದರು. ಕೆಟ್ಟ ಮನುಷ್ಯರಲ್ಲ ಅವರು, ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಬಾಡಿಗೆ ರೂಮಿಗೆ ಹೋಗಲು ಆಗಲಿಲ್ಲ. ಶಾಲೆಯ ಹಿಂದಕ್ಕೆ ಹೋದೆ. ಶೆಡ್ಡಿನೆದುರು ಹೂವಪ್ಪ ಒದ್ದೆ ಸೌದೆ ಸೀಳುತ್ತಿದ್ದರು. ಒಳಗೆ ಅವರ ತಾಯಿ ಕೆಮ್ಮುತ್ತಿದ್ದದ್ದು ಕೇಳುತ್ತಿತ್ತು. ಹೂವಪ್ಪನ ಹೆಂಡತಿ ನನ್ನನ್ನು ಕಂಡವರೇ ಒಳಗೆ ಹೋಗಿ ಮಣೆ ತಂದು ಹಾಕಿದರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ ಅಂತ ಅವರ ಉಪಚಾರದಲ್ಲೇ ತಿಳಿಯಿತು. "ಚಾ ಕುಡೀತ್ರನ ಮೇಷ್ಟ್ರೇ? ನಮ್ಮನೇರದ್ದು ಖಾಯಂ ಆತಂತಾ?" ಅಂತ ಕೇಳಿದರು. ನನಗೆ ಅಲ್ಲೇ ಭೂಮಿಗಿಳಿದು ಹೋದರೆ ಸಾಕು ಅನ್ನಿಸಿತು. "ಚಾ ಮಾಡು ಹೋಗು" ಅಂತ ಹೂವಪ್ಪ ಅವರನ್ನು ಒಳಗೆ ಕಳಿಸಿದರು.

"ಹೂವಪ್ಪ" ಅಂದೆ, "ತಪ್ಪು ನಂದು. ನೀವು ಇಟ್ಟಿದ್ದೇ ಸರಿ ಇತ್ತು. ನಾನೇ ಬದಲು ಮಾಡಿದ್ದು. ನಂಗೆ ಹೇಳೋ ಧೈರ್ಯ ಬರಲಿಲ್ಲ." ಅವರು ಕ್ಷಮಿಸಿದೆ ಅನ್ನುತ್ತಾರೆ, ಇಲ್ಲವೇ ಬೈಯುತ್ತಾರೆ, ಎರಡರಲ್ಲಿ ಯಾವುದಾದರೂ ಆಗಲಿ, ನನಗೆ ಹಗುರಾಗುತ್ತದೆ ಅಂತ ಕಾಯುತ್ತಿದ್ದೆ.

ಹೂವಪ್ಪ ಕೊಡಲಿಯನ್ನು ಕೊರಡಿಗೆ ಊರಿ ನಿಂತರು. "ಇದನ್ನ ನಂಗೆ ಹೇಳಿ ಎಂತ ಆ‌ತು ಸಾರ್? ನಂಗೆ ಗೊತ್ತಿತ್ತಲ್ಲ" ಅಂದರು. "ಗೊತ್ತಿಲ್ದೇ ಇದ್ದೋರು ಬಸ್ ಹತ್ತಿ ಹೋದ್ರು."

ಮಾತು ಬೇರೆ ಕಡೆ ತಿರುಗಿಸಲು, ಆ ಅಡ್ಡ ಸೀಳು, ಉದ್ದ ಸೀಳಿನ ವಿಷಯ ಹಳೇ ಮೇಷ್ಟ್ರು ಹೇಳಿಕೊಟ್ಟಿದ್ದಾ ಅಂತ ಕೇಳಿದೆ.

"ಅವ್ರು ಎಂತದೂ ಹೇಳಿರ್ಲಿಲ್ಲ. ಸೂಜಿ ಹಾಕದು ನಾನಲ್ದಾ, ನಂಗೇ ಕಂಡಿದ್ದು. ಹಾವಿಗೂ ಅಡ್ಡ, ಹಲ್ಲಿಗೂ ಅಡ್ಡ, ಓತಿಗೂ ಅಡ್ಡ. ಆಮೆ, ಮೊಸಳೆ ಎರಡಕ್ಕೂ ಉದ್ದ. ಗಂಡಾದ್ರೆ ಇನ್ನೊಂದು ಗುರ್ತೂ ಅದೆ, ಅದು ಹೆಂಗಸರು ಇರೋ ಕಡೆ ಹೇಳದಲ್ಲ." ಅಷ್ಟು ಬೇಸರದಲ್ಲೂ ಅವರ ಮೀಸೆಯಡಿ ಒಂದು ನಗು ಬಂದು ಹೋಯಿತು. "ಉಡದ ನಾಲಿಗೆ ಕಂಡೀರಾ? ಹಾವಿನ ಹಂಗೇ ಎರಡು ಸೀಳು. ಪೊರೆನೂ ಎರಡೂ ಬಿಡ್ತಾವೆ. ಹಾವು ಪೂರಾ ಬಿಡ್ತದೆ, ಇವು ಚೂರು ಚೂರು. ಇನ್ನೆಂತ ಬೇಕು ಒಂದೇ ಬಳಗ ಅನ್ನಕ್ಕೆ?"

ಚಹಾ ಬಂತು. ಹೇಗೆ ಕುಡಿದೆನೋ, ಕುಡಿದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಕೊನೆಯ ಗಂಟೆ ಹೊಡೆದ ಕೂಡಲೇ ಕೊಡೆ ಹಿಡಿದು ಸಾಗರದ ಬಸ್ಸು ಹತ್ತಿದೆ. ಹೆಡ್‌ಮಾಸ್ಟರಿಗೆ ಹೇಳಲಿಲ್ಲ, ಹೇಳಿದ್ದರೆ ತಡೆಯುತ್ತಿದ್ದರು, ತಡೆದಿದ್ದರೆ ನಾನು ಸಂತೋಷದಿಂದ ನಿಲ್ಲುತ್ತಿದ್ದೆ. ದಾರಿಯುದ್ದಕ್ಕೂ ಇನ್ಸ್‌ಪೆಕ್ಟರು ಹೊರಟುಹೋಗಿದ್ದರೆ ಎಷ್ಟು ಚೆನ್ನ ಅಂತ ಯೋಚಿಸುತ್ತಿದ್ದೆ. ಒಂದು ಕಡೆ ರಸ್ತೆಯ ಮೇಲೆ ನೀರು ಹರಿದು ಬಸ್ಸು ನಿಂತಿತು. ವಾಪಸು ಹೋಗುವ ಲಾರಿಯೊಂದು ಎದುರಿಗೇ ಇತ್ತು. ಹತ್ತಿಬಿಡಲೇ ಅಂತ ಕಾಲು ಕೆಳಗೂ ಇಟ್ಟೆ. ಅಷ್ಟರಲ್ಲಿ ಕಂಡಕ್ಟರು "ಹತ್ರೀ ಹತ್ರೀ" ಅಂತ ಕೂಗಿದ. ಹತ್ತಿದೆ.

ಸಾಗರದ ಪ್ರವಾಸಿ ಮಂದಿರದ ಜಗಲಿಯಲ್ಲಿ ಇನ್ಸ್‌ಪೆಕ್ಟರು ಬನಿಯನ್, ಪಂಚೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದರು. ನಿಂತುಕೊಂಡೇ ಎಲ್ಲ ಹೇಳಿದೆ, ಕಾಲು ಎಣಿಸಿದ್ದು, ಹೂವಪ್ಪ ಅದರ ಜಾಗ ಅದೇ ಅಂದದ್ದು, ನಾನು ಗದರಿದ್ದು. ಅವರು ತಟ್ಟೆ ಕೆಳಗಿಟ್ಟು ಕೈ ತೊಳೆದುಕೊಂಡು ಬಂದರು.

"ನಂಗೆ ಅನುಮಾನ ಇತ್ತು" ಅಂದರು. "ದಿನಾ ಅವನ್ನ ಮುಟ್ಟೋನು ಹಂಗೆ ಇಡೋದಿಲ್ಲ. ಕಾಲು ಎಣಿಸಿ ಇಡೋದು ಓದ್ಕೊಂಡವರ ಕೆಲಸ. ಆದ್ರೆ ಅವನೇ ಒಪ್ಪಿಕೊಂಡ ಮೇಲೆ ನಾನೇನು ಮಾಡ್ಲಿ? ಈಗ ನೀವು ಬಾಯಲ್ಲಿ ಹೇಳಿದ್ದು ಫೈಲಿಗೆ ಸೇರೋದಿಲ್ಲ. ಬರ್ದು ಕೊಡ್ತೀರಾ?"

"ಕೊಡ್ತೀನಿ ಸಾರ್."

"ನಿಮ್ಮ ಫೈಲಿಗೂ ಹೋಗುತ್ತೆ ಇದು. ಯೋಚನೆ ಮಾಡಿ."

ಯೋಚನೆ ಮಾಡಿದೆ. ಮಗನ ಕೆಲಸ ಖಾಯಂ ಆಯಿತು ಅನ್ನುವ ಕಾಗದಕ್ಕೆ ಕೋಣಂದೂರಿನಲ್ಲಿ ಅಪ್ಪ ಕಾಯುತ್ತಿದ್ದರು. ಆದರೂ ಪೆನ್ನು ತೆಗೆದೆ. "ಹಲ್ಲಿ, ಓತಿಕ್ಯಾತ, ಹಾವುರಾಣಿ, ಉಡ ಇವು ಹಾವುಗಳ ಗಣಕ್ಕೆ ಸೇರಿದವು, ಮೊಸಳೆಯ ಗಣಕ್ಕಲ್ಲ. ಅಟೆಂಡರ್ ಹೂವಪ್ಪ ಇವನ್ನು ಸರಿಯಾದ ಸಾಲಿನಲ್ಲೇ ಇಟ್ಟಿದ್ದರು. ಅವರು ತಿಳಿಸಿ ಹೇಳಲು ಬಂದರೂ ಕೇಳದೆ ನಾನು ತಪ್ಪಾಗಿ ಬದಲಾಯಿಸಿದೆ" ಅಂತ ಬರೆದು ಸಹಿ ಹಾಕಿ ಕೊಟ್ಟೆ.

ಅವರು ಓದಿ ವಾಪಸು ಕೊಟ್ಟರು. "ಒಂದು ವಾಕ್ಯ ಬಿಟ್ಟಿದೀರಿ. ಭರಣಿ ತಪ್ಪಾಗಿ ಇಟ್ಟಿದ್ದು ದೊಡ್ಡ ತಪ್ಪಲ್ಲ. ಗೊತ್ತಿಲ್ಲದೆ ಮಾಡಿದ್ದು, ಕಲಿತರೆ ಸರಿ ಹೋಯ್ತು. ಅದಲ್ಲ ನಾನು ಕೇಳ್ತಿರೋದು."

ಗೊತ್ತಾಯಿತು. ಆ ವಾಕ್ಯ ಬರೆಯಲು ನನಗೆ ಹಿಡಿದಷ್ಟು ಹೊತ್ತು ಬಿ.ಎಸ್ಸಿ. ಪರೀಕ್ಷೆಯ ಯಾವ ಉತ್ತರಕ್ಕೂ ಹಿಡಿದಿರಲಿಲ್ಲ. ಸಹಿಯ ಕೆಳಗೆ ಬರೆದೆ: "ವಿಚಾರಿಸಿದಾಗ ತಪ್ಪು ಹೂವಪ್ಪನವರ ಮೇಲೆ ಹೋಗುವ ಹಾಗೆ ಮಾತಾಡಿದೆ." ಮತ್ತೊಂದು ಸಹಿ ಹಾಕಿಸಿಕೊಂಡರು. ಆಮೇಲೆ ಒಳಗೆ ಕೂಗಿ ನನಗೂ ಒಂದು ತಟ್ಟೆ ಅವಲಕ್ಕಿ ತರಿಸಿದರು. ಅವರ ದೊಡ್ಡತನ. ಬೇಡ ಅನ್ನಲಿಲ್ಲ, ತಿಂದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಸೋಮವಾರ ನಾನೂ ಹೂವಪ್ಪನೂ ಬೀರುವನ್ನು ಮೊದಲಿನ ಹಾಗೆ ಜೋಡಿಸಿದೆವು. ಅವರು ಹೇಳಿದರು, ನಾನು ಇಟ್ಟೆ. ಸಾಗರಕ್ಕೆ ಹೋಗಿದ್ದನ್ನು ನಾನು ಹೇಳಲಿಲ್ಲ. ಆದರೆ ಬಸ್ಸಿನ ಕಂಡಕ್ಟರು ಯಾರಿಗೋ ಹೇಳಿ, ಅದು ಶೆಡ್ಡಿನವರೆಗೂ ಹೋಗಿತ್ತು. ಹೆಡ್‌ಮಾಸ್ಟರಿಗೆ ಗೊತ್ತಾಗಿ, ಅವರಂತೂ ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಮಳೆ ಹಿಂದಾಯಿತು. ಮುಳುಗಡೆಯ ನೀರು ಒಂದು ಮಟ್ಟಕ್ಕೆ ಬಂದು ನಿಂತಿತು. ದಾರಿಯಲ್ಲಿ ಹಾವು ಕಾಣುವುದೂ ಕಡಿಮೆಯಾಯಿತು. ನಾನು ಹಳೆ ಮೇಷ್ಟ್ರು ಬಿಟ್ಟುಹೋಗಿದ್ದ ಪ್ರಾಣಿಶಾಸ್ತ್ರದ ದಪ್ಪ ಪುಸ್ತಕ ತೆಗೆದು, ಸರೀಸೃಪಗಳ ಅಧ್ಯಾಯವನ್ನು ಎರಡು ಸಲ ಓದಿದೆ. ಆ ಪುಸ್ತಕ ಅದೇ ಬೀರುವಿನ ತಳದಲ್ಲಿ ಇಷ್ಟೂ ದಿನ ಬಿದ್ದಿತ್ತು ಅನ್ನುವುದನ್ನು ಇಲ್ಲಿ ಬರೆಯದೆ ಬಿಟ್ಟರೆ ಮತ್ತೊಂದು ವಾಕ್ಯ ಬಿಟ್ಟ ಹಾಗಾಗುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಂಚೆಯಲ್ಲಿ ಎರಡು ಲಕೋಟೆ ಬಂದವು. ಒಂದು ಹೂವಪ್ಪನದು, ಒಂದು ನನ್ನದು. ನನ್ನದನ್ನು ಓದಿ ಜೇಬಿಗೆ ಹಾಕಿಕೊಂಡೆ. ಹೂವಪ್ಪ ತಮ್ಮದನ್ನು ಒಡೆಯದೆ ತಂದು, "ಇಂಗ್ಲೀಷಾಗೇ ಇರ್ತದೆ, ಓದಿ ಸಾರ್" ಅಂತ ಕೊಟ್ಟರು. ಶಾಲೆಯ ಜಗಲಿಯಲ್ಲಿ ನಿಂತು ಓದಿ ಅರ್ಥ ಹೇಳಿದೆ. ಲ್ಯಾಬ್ ಅಟೆಂಡರ್ ಹುದ್ದೆಯಲ್ಲಿ ಅವರನ್ನು ಖಾಯಂ ಮಾಡಲಾಗಿದೆ. ಇನ್ನೊಂದು ಸಲ ಓದಿ ಅಂದರು. ಓದಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಅಲ್ಲಿ ಫಾರ್ಮಲಿನ್ ಇರಲಿಲ್ಲ, ಆದರೂ ಕಣ್ಣು ಕೆಂಪಾಗಿತ್ತು. ನನಗೂ ನಿಜವಾಗಿ ಸಂತೋಷವಾಯಿತು, ಅಷ್ಟು ಸಂತೋಷ ಆ ವರ್ಷ ಮತ್ತೆ ಯಾವುದಕ್ಕೂ ಆಗಲಿಲ್ಲ.

"ನಿಮ್ದು ಎಂತ ಬಂತು ಸಾರ್?" ಅಂತ ಕೇಳಿದರು.

"ಪ್ರೊಬೇಷನ್ ಇನ್ನೂ ಒಂದು ವರ್ಷ ಮುಂದೆ ಹಾಕಿದಾರೆ. ನಡತೆ ನೋಡ್ಬೇಕಂತೆ."

ಹೇಳುವಾಗ ದನಿಯನ್ನು ಸ್ವಲ್ಪ ಇಳಿಸಿದೆ. ಅಯ್ಯೋ, ನನ್ನಿಂದಾಗಿ ನಿಮಗೆ ಹೀಗಾಯಿತಲ್ಲ ಅಂತ ಅವರು ಒಂದು ಮಾತು ಅನ್ನಲಿ ಅಂತ ನನಗೆ ಆಸೆ ಇತ್ತು. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಬಹಳ ಆಸೆ ಇತ್ತು.

ಹೂವಪ್ಪ ತಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಜೇಬನ್ನು ಹೊರಗಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡರು.

"ಒಂದೇ ವರ್ಷ ಅಲ್ದಾ ಸಾರ್" ಅಂದರು. "ನಾನು ಒಂಬತ್ತು ವರ್ಷ ಕಾದೀನಿ."